94 ಕೆಂಪು, 19 ಬಿಳಿ

ಶಾಲೆಯ ಮ್ಯಾಗಜೀನಿಗೆ ನೆನಪು ಬರೆದುಕೊಡಿ ಅಂದಾಗ ನನಗೆ ಮೊದಲು ನೆನಪಾಗಿದ್ದು ನೊಣ. ಇದಕ್ಕಿಂತ ಮರ್ಯಾದೆಯ ವಿಷಯ ಹೊಳೆಯಬೇಕಿತ್ತೇನೋ. ಏನು ಮಾಡುವುದು, ಹೊಳೆಯಲಿಲ್ಲ.

ಆ ವರ್ಷ ರಜೆ ಮುಗಿಸಿ ಬಂದ ನಮ್ಮ ಬಯಾಲಜಿ ಮೇಡಂ ಕೈಯಲ್ಲಿ ಹತ್ತಿಯ ಬಿರಡೆ ಹಾಕಿದ ಸಣ್ಣ ಗಾಜಿನ ಸೀಸೆಗಳಿದ್ದವು. ಬೇಸಿಗೆಯಿಡೀ ಯೂನಿವರ್ಸಿಟಿಯ ಲ್ಯಾಬಿನಲ್ಲಿ ಕೆಲಸ ಮಾಡಿದ್ದರಂತೆ. ನಾವು ಟ್ರೈನಿಂಗ್ ಅಂದುಕೊಂಡೆವು. ಸುಮ್ನೆ ಕೂತು ಭಾಷಣ ಕೇಳುವುದು, ಸರ್ಟಿಫಿಕೇಟ್ ತರುವುದು. ಹಾಗಲ್ಲವಂತೆ. ಒಬ್ಬ ವಿಜ್ಞಾನಿಯ ಜೊತೆ ಸೇರಿ, ಯಾರಿಗೂ ಇನ್ನೂ ಉತ್ತರ ಗೊತ್ತಿಲ್ಲದ ಪ್ರಶ್ನೆಯ ಮೇಲೆ ಕೆಲಸ.

"ಮೊದಲ ಎರಡು ವಾರ ಅಲ್ಲಿ ನನ್ನಷ್ಟು ದಡ್ಡಿ ಯಾರೂ ಇರಲಿಲ್ಲ" ಎಂದರು ಮೇಡಂ. ಚೂರೇ ಚೂರು ದ್ರವವನ್ನು ಅಳೆದು ಎಳೆಯುವ ಮೈಕ್ರೊಪಿಪೆಟ್ ಅಂತ ಒಂದು ಸಾಧನ, ಅದರ ಗುಂಡಿ ಎರಡು ಕಡೆ ತಡೆಯುತ್ತದೆ. ದ್ರವ ಎಳೆಯುವಾಗ ಮೊದಲ ತಡೆಯವರೆಗೆ ಮಾತ್ರ ಒತ್ತಬೇಕು. ಹೊರಗೆ ಬಿಡುವಾಗ ಎರಡನೆಯದರವರೆಗೆ. ಮೇಡಂ ಎಳೆಯುವಾಗಲೇ ಪೂರ್ತಿ ಒತ್ತಿ, ಪ್ರತಿ ಸಲ ಜಾಸ್ತಿ ದ್ರವ ಎಳೆದು, ಮೂರು ದಿನದ ಕೆಲಸ ಹಾಳು ಮಾಡಿದ್ದರಂತೆ. ಟೀಚರೊಬ್ಬರು ತಮ್ಮ ತಪ್ಪನ್ನು ಇಷ್ಟು ಖುಷಿಯಿಂದ ಹೇಳಿದ್ದನ್ನು ನಾವು ಅಲ್ಲಿಯವರೆಗೆ ಕೇಳಿರಲಿಲ್ಲ.

ಸೀಸೆಯಲ್ಲಿದ್ದದ್ದು ಹಣ್ಣಿನ ನೊಣ, ಡ್ರೊಸೊಫಿಲಾ. ಕೆಂಪು ಕಣ್ಣಿನ ಹೆಣ್ಣು, ಬಿಳಿ ಕಣ್ಣಿನ ಗಂಡು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 10 ದಿನಕ್ಕೆ ಮೊಟ್ಟೆ ನೊಣವಾಗುತ್ತದೆ. ಈ ಜೋಡಿಯ ಮಕ್ಕಳೆಲ್ಲ ಕೆಂಪು ಕಣ್ಣಿನವು. ಆ ಮಕ್ಕಳನ್ನೇ ಜೋಡಿ ಮಾಡಿದರೆ ಹುಟ್ಟುವ ಮೊಮ್ಮಕ್ಕಳಲ್ಲಿ ನಾಲ್ಕಕ್ಕೊಂದು ಬಿಳಿ, ಅದೂ ಗಂಡುಗಳಲ್ಲಿ ಮಾತ್ರ. ಹಾಗಂತ ಪುಸ್ತಕ ಹೇಳುತ್ತದೆ.

ಎಣಿಸುವುದೇ ಒಂದು ಕಸರತ್ತು. ಈಥರ್ ಕೊಟ್ಟು ನಿದ್ದೆ ಬರಿಸಬೇಕು, ಬಿಳಿ ಹಾಳೆಯ ಮೇಲೆ ಸುರಿದು ಪೇಂಟ್ ಬ್ರಷ್ಷಿನ ತುದಿಯಿಂದ ಕೆಂಪನ್ನು ಎಡಕ್ಕೆ, ಬಿಳಿಯನ್ನು ಬಲಕ್ಕೆ ತಳ್ಳಬೇಕು. ವಾಪಸ್ ಹಾಕಿದ ಮೇಲೆ ಅವು ಏಳುವವರೆಗೆ ಸೀಸೆಯನ್ನು ಮಲಗಿಸಿಡಬೇಕು. ನಿಲ್ಲಿಸಿದರೆ ತಳದ ಒದ್ದೆ ಆಹಾರಕ್ಕೆ ಅಂಟಿಕೊಂಡು ಸಾಯುತ್ತವೆ. ನಾನು ನಿಲ್ಲಿಸಿಟ್ಟೆ. ಒಂದು ಸೀಸೆ ಪೂರ್ತಿ ಹೋಯಿತು. ಮೇಡಂ ಬೈಯಲಿಲ್ಲ. "ಇದನ್ನೂ ನಾನು ಮಾಡಿ ಆಗಿದೆ" ಎಂದರು.

ಉಳಿದ ಸೀಸೆಗಳಲ್ಲಿ ಮೊಮ್ಮಕ್ಕಳು ಒಟ್ಟು 113 ನೊಣ. 94 ಕೆಂಪು, 19 ಬಿಳಿ. ನಾಲ್ಕಕ್ಕೊಂದು ಅಂದರೆ ಬಿಳಿ 28 ಇರಬೇಕಿತ್ತು, ಅಲ್ವಾ? ಪಕ್ಕದಲ್ಲಿದ್ದ ಗೆಳೆಯ ಮೆಲ್ಲಗೆ "85, 28 ಅಂತ ಬರೆದುಬಿಡೋ" ಎಂದ. ಅದೇನು ನಮಗೆ ಹೊಸದಲ್ಲ. ಪ್ರಾಕ್ಟಿಕಲ್ ಅಂದರೆ ಮೊದಲು ಉತ್ತರ, ಆಮೇಲೆ ಅದಕ್ಕೆ ಹೊಂದುವ ರೀಡಿಂಗು. ನಾನು ರಬ್ಬರ್ ಹಿಡಿದಿದ್ದೆ. ಮೇಡಂ ಪುಸ್ತಕ ಎಳೆದುಕೊಂಡರು. ಸ್ವಲ್ಪ ಹೊತ್ತು ನೋಡಿ, "ಯಾಕೆ ಹೀಗೆ ಬಂತು ಅಂತ ನನಗೆ ಗೊತ್ತಿಲ್ಲ. ಕೇಳ್ತೀನಿ" ಎಂದರು.

ಕೇಳಿದ್ದಕ್ಕೆ ಆ ವಿಜ್ಞಾನಿಯೇ ನಮ್ಮ ಕ್ಲಾಸಿಗೆ ಬಂದರು. ದೊಡ್ಡ ಮನುಷ್ಯರು, ಆದರೆ ಮೊದಲ ಹತ್ತು ನಿಮಿಷ ಹೇಳಿದ್ದು ಒಂದಕ್ಷರವೂ ನಮ್ಮ ತಲೆಗೆ ಹೋಗಲಿಲ್ಲ. ಹಿಂದಿನ ಬೆಂಚಿನಿಂದ ಮೇಡಂ, "ಸರ್, ನೊಣದಿಂದ ಶುರು ಮಾಡಿ" ಎಂದರು. ಅವರು ನಕ್ಕು ಸೀಮೆಸುಣ್ಣ ಕೇಳಿದರು. ಲ್ಯಾಬಿನಲ್ಲಿ ಮೇಡಂ ಕಲಿತರು, ಇಲ್ಲಿ ಅವರು ಕಲಿತರು ಅಂತ ನನಗೆ ಈಗ ಅನಿಸುತ್ತದೆ.

ಬೋರ್ಡಿನ ಮೇಲೆ ಮೂರು ಸಂಖ್ಯೆ ಬರೆದರು. ಕೆಂಪು ಕಣ್ಣಿನ ಹೆಣ್ಣು 2,459. ಕೆಂಪು ಕಣ್ಣಿನ ಗಂಡು 1,011. ಬಿಳಿ ಕಣ್ಣಿನ ಗಂಡು 782. "1910ರಲ್ಲಿ ಅಮೆರಿಕದ ವಿಜ್ಞಾನಿ ಥಾಮಸ್ ಹಂಟ್ ಮಾರ್ಗನ್ ಇದೇ ಪ್ರಯೋಗ ಮಾಡಿ ಪ್ರಕಟಿಸಿದ ಮೊಮ್ಮಕ್ಕಳ ಲೆಕ್ಕ ಇದು. ಕೂಡಿ, ನಾಲ್ಕರಿಂದ ಭಾಗಿಸಿ." ಕೂಡಿದೆವು. ಬಿಳಿ 1,063 ಬರಬೇಕಿತ್ತು. ಮಾರ್ಗನ್ನರಿಗೂ ಕಡಿಮೆಯೇ ಬಂದಿತ್ತು. ಬಂದಷ್ಟನ್ನೇ ಬರೆದಿದ್ದರು. ಬಿಳಿ ಕಣ್ಣಿನವು ಸ್ವಲ್ಪ ನಾಜೂಕು, ನೊಣವಾಗುವ ಮೊದಲೇ ಹೆಚ್ಚು ಸಾಯುತ್ತವೆ ಎಂದರು ವಿಜ್ಞಾನಿ. ನಮ್ಮ 113ರಂಥ ಸಣ್ಣ ಲೆಕ್ಕದಲ್ಲಿ ಸುಮ್ನೆ ಆಕಸ್ಮಿಕವಾಗಿಯೂ ಹೆಚ್ಚುಕಡಿಮೆ ಆಗಬಹುದು ಅಂತಲೂ ಸೇರಿಸಿದರು. ನನ್ನ ಗೆಳೆಯ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮಾರ್ಗನ್ ಆ ನೊಣ ಎಣಿಸಿದ್ದು ನ್ಯೂಯಾರ್ಕಿನ ಕೊಲಂಬಿಯಾ ಯೂನಿವರ್ಸಿಟಿಯಲ್ಲಿ. ಅಲ್ಲೇ 1990ರಲ್ಲಿ ಶಾಲಾ ಟೀಚರುಗಳನ್ನು ಎರಡು ಬೇಸಿಗೆ ಲ್ಯಾಬಿಗೆ ಕರೆಸಿಕೊಳ್ಳುವ ಕಾರ್ಯಕ್ರಮ ಶುರುವಾಯಿತು ಅಂತ ಎಷ್ಟೋ ವರ್ಷದ ಮೇಲೆ ಓದಿದೆ. ಟೀಚರು ಅದಕ್ಕೆ ಸೇರಿದ ಮೂರು ನಾಲ್ಕನೇ ವರ್ಷದಲ್ಲಿ ಅವರ ವಿದ್ಯಾರ್ಥಿಗಳು ವಿಜ್ಞಾನದ ಪರೀಕ್ಷೆಯಲ್ಲಿ ಬೇರೆ ಟೀಚರುಗಳ ವಿದ್ಯಾರ್ಥಿಗಳಿಗಿಂತ ಶೇಕಡಾ 10ರಷ್ಟು ಜಾಸ್ತಿ ಪಾಸಾದರು ಅಂತ 2009ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದಿದೆ. ಇರಬಹುದು. ನನ್ನ ಮಾರ್ಕ್ಸ್ ಮಾತ್ರ ಏರಲಿಲ್ಲ, ಅಂಥ ಲೆಕ್ಕಕ್ಕೆ ನನ್ನನ್ನು ಸೇರಿಸಬೇಡಿ.

ಮುಂದಿನ ಬೇಸಿಗೆಗೆ ಮೇಡಂ ಮತ್ತೆ ಹೊರಟರು. ಈ ಸಲ ನಮ್ಮೆಲ್ಲರ ಪ್ರಶ್ನೆಗಳ ಚೀಟಿಗಳನ್ನೂ ತೆಗೆದುಕೊಂಡು ಹೋದರು. ನಾನು ಕೇಳಿದ್ದು, ಬಿಳಿ ಕಣ್ಣಿನ ನೊಣಕ್ಕೆ ಕಣ್ಣು ಕಾಣುತ್ತಾ ಅಂತ. ಕಾಣುತ್ತದೆ, ಆದರೆ ಸರಿಯಾಗಿ ಅಲ್ಲವಂತೆ.

ಆ ರೆಕಾರ್ಡ್ ಪುಸ್ತಕ ಇನ್ನೂ ನನ್ನ ಹತ್ತಿರ ಇದೆ. 94 ಚೆನ್ನಾಗಿ ಕಾಣುತ್ತದೆ. 19ರ 9 ಸ್ವಲ್ಪ ಮಸುಕು. ಮೇಡಂ ಎಳೆದುಕೊಳ್ಳುವ ಹೊತ್ತಿಗೆ ನಾನು ಉಜ್ಜಲು ಶುರು ಮಾಡಿದ್ದೆ.