‘ಟಾಪ್ ಸ್ಪೀಡ್ ಎಷ್ಟು?’ ಎಂದು ಕೇಳುವವರಿಗೆ

ಸೂಪರ್‌ಬೈಕ್ ಓಡಿಸುವವರು ಸಿಗ್ನಲ್‌ನಲ್ಲಿ ನಿಂತಿರಲಿ, ಬಂಕ್‌ನಲ್ಲಿ ಪೆಟ್ರೋಲ್ ಹಾಕಿಸುತ್ತಿರಲಿ, ಜನ ಕೇಳುವುದು ಒಂದೇ: “ಮ್ಯಾಕ್ಸಿಮಮ್ ಎಷ್ಟು ಹೋಗುತ್ತೆ?” ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಬರೆದೇಬಿಡುತ್ತೇನೆ. ಸಾವಿರ ಸಿಸಿಯ, ಸುಮಾರು 200 ಅಶ್ವಶಕ್ತಿಯ ಗಾಡಿಯಾದರೆ ಗಂಟೆಗೆ 299 ಕಿ.ಮೀ. ಬಹುತೇಕ ಎಲ್ಲ ಕಂಪನಿಗಳದ್ದೂ ಅಷ್ಟೇ. ಎಂಜಿನ್‌ಗೆ ಇನ್ನೂ ಕಸುವಿದ್ದರೂ ಎಲೆಕ್ಟ್ರಾನಿಕ್ಸ್ ಅಲ್ಲಿಗೆ ತಡೆಯುತ್ತದೆ. 1999ರಲ್ಲಿ ಸುಜುಕಿ ಹಯಬುಸಾ 300 ದಾಟಿ 310ರ ಆಸುಪಾಸಿಗೆ ಹೋದಾಗ, ಇಂಥ ಗಾಡಿಗಳನ್ನೇ ಯುರೋಪ್ ನಿಷೇಧಿಸೀತು ಎಂಬ ಅಂಜಿಕೆ ಹುಟ್ಟಿತು. ದೊಡ್ಡ ತಯಾರಕರು ಬಾಯಿಮಾತಿನಲ್ಲೇ ಒಪ್ಪಿಕೊಂಡು 300ಕ್ಕೆ ಗೆರೆ ಎಳೆದರು. ನಿಮ್ಮ ಪ್ರಶ್ನೆಗೆ ಉತ್ತರ ಮುಗಿಯಿತು.

ಆದರೆ ಕೇಳುವವರು ಅಲ್ಲಿಗೆ ಬಿಡುವುದಿಲ್ಲ. “ನೀವು ಎಷ್ಟು ಎಳೆದಿದ್ದೀರಿ?” ಅನ್ನುತ್ತಾರೆ. ನನಗೆ ಸಿಟ್ಟು ಬರುವುದು ಈ ‘ಎಳೆಯುವುದು’ ಅನ್ನುವ ಮಾತಿಗೆ. ನೇರ ರಸ್ತೆಯಲ್ಲಿ ಥ್ರಾಟಲ್ ಪೂರ್ತಿ ತಿರುವಲು ಬೇಕಾದದ್ದು ಬಲಗೈ ಮಣಿಕಟ್ಟಿನ ಕಾಲು ಸುತ್ತು ಮಾತ್ರ. ಆಮೇಲೆ ಟ್ಯಾಂಕ್ ಮೇಲೆ ಗದ್ದ ಊರಿ, ಗೇರ್ ಹಾಕುತ್ತಾ ಕಾಯುವುದು. ಅದರಲ್ಲಿ ಓಡಿಸುವವನ ಕೈಚಳಕ ಎಲ್ಲಿ ಬಂತು? ಕೆಲಸವೆಲ್ಲ ಎಂಜಿನ್ ಮತ್ತು ಗಾಳಿಯದ್ದು. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ. 240ಕ್ಕೆ 100 ಅಶ್ವಶಕ್ತಿ ಸಾಕಾಗುವ ಗಾಡಿಗೆ 300 ಮುಟ್ಟಲು ಹತ್ತಿರಹತ್ತಿರ 200 ಬೇಕು. ಕೊನೆಯ 60 ಕಿಲೋಮೀಟರ್ ವೇಗಕ್ಕೆ ಇನ್ನೊಂದು ಇಡೀ ಎಂಜಿನ್ ಸುರಿದ ಹಾಗೆ.

ಓಟ ಗೆಲ್ಲುವುದಕ್ಕೂ ಆ ಅಂಕಿಗೂ ಇರುವ ನಂಟು ತೀರಾ ಸಡಿಲ. 2023ರಲ್ಲಿ ಇಟಲಿಯ ಮುಜೆಲ್ಲೋ ಟ್ರ್ಯಾಕ್‌ನಲ್ಲಿ ಸವಾರ ಬ್ರ್ಯಾಡ್ ಬೈಂಡರ್ ಗಂಟೆಗೆ 366.1 ಕಿ.ಮೀ. ಮುಟ್ಟಿ, ಬೈಕ್ ರೇಸಿಂಗ್‌ನ ಅತಿ ದೊಡ್ಡ ವಿಶ್ವ ಸರಣಿಯಾದ ಮೋಟೋಜಿಪಿಯಲ್ಲಿ ದಾಖಲೆ ಬರೆದ. ಆ ವಾರಾಂತ್ಯದ ಎರಡೂ ಓಟ ಗೆದ್ದದ್ದು ಫ್ರಾಂಚೆಸ್ಕೊ ಬನ್ಯಾಯ.

ನೇರದಾರಿ ಮುಗಿಯುವ ಕಡೆ ನಿಂತು ನೋಡಿ, ರೇಸಿಂಗ್‌ನ ರೋಮಾಂಚನ ಇರುವುದು ಅಲ್ಲಿ. ಅದೇ ಮುಜೆಲ್ಲೋದ ಮೊದಲ ತಿರುವಿಗೆ 350 ದಾಟಿದ ವೇಗದಲ್ಲಿ ಬಂದ ಸವಾರ ಸುಮಾರು 300 ಮೀಟರ್ ಒಳಗೆ 100ಕ್ಕಿಂತ ಕೆಳಗಿಳಿಯುತ್ತಾನೆ. ಹಾಗಾಗಿ ನನ್ನನ್ನು ಕೇಳುವುದೇ ಆದರೆ “ಎಷ್ಟು ದೂರದಲ್ಲಿ ನಿಲ್ಲುತ್ತೆ?” ಎಂದು ಕೇಳಿ. ಲೆಕ್ಕ ಹೇಳುತ್ತೇನೆ. ಒಣ ಡಾಂಬರು, ಒಳ್ಳೆಯ ಟೈರು, ಪಳಗಿದ ಕೈ: 100ರಿಂದ ಪೂರ್ತಿ ನಿಲ್ಲಲು ಸುಮಾರು 44 ಮೀಟರ್. 200ರಿಂದ ಅದರ ನಾಲ್ಕು ಪಟ್ಟು, 175 ಮೀಟರ್. ಅಪಾಯ ಕಂಡು ಬೆರಳು ಬ್ರೇಕ್ ಲಿವರ್ ಹಿಸುಕುವ ಹೊತ್ತಿಗೆ ಒಂದು ಸೆಕೆಂಡ್ ಹೋದರೆ ಇನ್ನೂ 55 ಮೀಟರ್ ಸೇರಿಸಿ. ಈ ಗಾಡಿಗಳ ಪೂರ್ತಿ ವೇಗಕ್ಕೆ ಸಾರ್ವಜನಿಕ ರಸ್ತೆ ಜಾಗವೇ ಅಲ್ಲ ಎಂದು ನಾನು ಹಟ ಹಿಡಿಯುವುದು ಈ ಲೆಕ್ಕದ ಮೇಲೆ.

ಮುಂಚಕ್ರದ ಬ್ರೇಕನ್ನು ಗಬಕ್ಕನೆ ಹಿಡಿಯುವಂತಿಲ್ಲ. ಭಾರ ಇನ್ನೂ ಮುಂದಕ್ಕೆ ಬಂದಿರುವುದಿಲ್ಲ, ಟೈರ್‌ಗೆ ಹಿಡಿತವೇ ಸಿಕ್ಕಿರುವುದಿಲ್ಲ, ಚಕ್ರ ಲಾಕ್ ಆಗಿ ಜಾರುತ್ತದೆ. ಮೊದಲ ಕಾಲು ಸೆಕೆಂಡ್ ಎರಡು ಬೆರಳಲ್ಲಿ ಹಗುರವಾಗಿ ಒತ್ತಿ ಫೋರ್ಕ್ (ಮುಂಚಕ್ರವನ್ನು ಹಿಡಿದಿರುವ ಸ್ಪ್ರಿಂಗ್‌ನ ಕೊಳವೆಗಳು) ಕೆಳಗೆ ಕೂರಲು ಬಿಡಬೇಕು. ಟೈರು ನೆಲಕ್ಕೆ ಒತ್ತಿ, ಅಂಗೈಯಷ್ಟೇ ಇದ್ದ ಅದರ ಪಾದ ಅಗಲವಾದ ಮೇಲೆ ಎಷ್ಟು ಬೇಕೋ ಅಷ್ಟು ಹಿಸುಕಿ, ತಡೆದುಕೊಳ್ಳುತ್ತದೆ. ಮೈಭಾರವನ್ನು ಟ್ಯಾಂಕನ್ನು ಅವುಚಿದ ತೊಡೆಗಳು ಹೊರಬೇಕು, ತೋಳುಗಳಲ್ಲ. ತೋಳು ಬಿಗಿದರೆ ಹ್ಯಾಂಡಲ್ ಬಿಗಿಯುತ್ತದೆ, ಆಮೇಲೆ ಗಾಡಿ ಮಾತು ಕೇಳುವುದಿಲ್ಲ. ಬಲಕ್ಕೆ ವಾಲಲು ಬಲಗಡೆಯ ಹ್ಯಾಂಡಲನ್ನೇ ಮುಂದಕ್ಕೆ ತಳ್ಳಬೇಕು, ಬಿಗಿದ ತೋಳಿಗೆ ಅದು ಆಗದು.

ಇನ್ನು ನನಗೆ ತುಂಬ ಪ್ರೀತಿಯ ವಿಷಯ, ಟ್ರೈಲ್ ಬ್ರೇಕಿಂಗ್: ತಿರುವಿನೊಳಗೆ ವಾಲುತ್ತಾ ವಾಲುತ್ತಾ ಬ್ರೇಕನ್ನು ಎಳೆಎಳೆಯಾಗಿ ಬಿಡುವುದು. “ತಿರುವಿಗೆ ಮುಂಚೆಯೇ ಬ್ರೇಕ್ ಮುಗಿಸು” ಎಂದು ಹೊಸಬರಿಗೆ ಹೇಳುವುದು ಸರಿಯೇ. ಆದರೆ ಟೈರ್‌ನ ಹಿಡಿತ ಹಂಚಿಕೆಯಾಗುವ ರೀತಿ ನೋಡಿ. ಹಿಡಿತದ ಶೇ. 80ರಷ್ಟನ್ನು ತಿರುವಿಗೆ ಕೊಟ್ಟ ಮೇಲೆ ಬ್ರೇಕ್‌ಗೆ 20 ಉಳಿಯುತ್ತದೆ ಅಂದುಕೊಳ್ಳುತ್ತೇವೆ. ಎರಡೂ ಬಲಗಳು ಲಂಬಕೋನದಲ್ಲಿರುವುದರಿಂದ ನಿಜಕ್ಕೂ ಉಳಿಯುವುದು ಶೇ. 60. ತಿರುವಿಗೆ 95 ಕೊಟ್ಟರೂ 31 ಇರುತ್ತದೆ. 99 ಕೊಟ್ಟರೆ ಮಾತ್ರ 14ಕ್ಕೆ ಕುಸಿಯುತ್ತದೆ. ವಾಲಿಕೆ ಹೆಚ್ಚಿದಂತೆ ಬೆರಳು ಸಡಿಲವಾಗುತ್ತಾ, ಗಾಡಿ ಪೂರ್ತಿ ವಾಲುವ ಹೊತ್ತಿಗೆ ಲಿವರ್ ಮೇಲೆ ಬರೀ ಬೆರಳಿನ ಭಾರ ಉಳಿದಿರಬೇಕು. ಸರಿಯಾಗಿ ಕೂಡಿ ಬಂದಾಗ ಒಂದು ಬಲ ಇನ್ನೊಂದರ ಕೈಗೆ ಗಾಡಿಯನ್ನು ಒಪ್ಪಿಸುವುದು ಹೊಟ್ಟೆಯೊಳಗೆ ತಿಳಿಯುತ್ತದೆ. ಅದರ ಮುಂದೆ 299 ಸಪ್ಪೆ.

ಕೆಡುವುದೂ ಇಲ್ಲಿಯೇ. ತಿರುವಿನ ನಡುವೆ ಹೆದರಿ ಮುಂದಿನ ಬ್ರೇಕ್ ಬಿಗಿಹಿಡಿದರೆ ಗಾಡಿ ಎದ್ದು ನಿಂತು ತಿರುವಿನ ಆಚೆಗೆ ಓಡುತ್ತದೆ, ಇಲ್ಲವೇ ಮುಂಚಕ್ರ ಮಡಚಿ ಕೆಳಗೆ ಮಲಗಿಸುತ್ತದೆ. ಅದಕ್ಕಿಂತ ಕೆಟ್ಟದ್ದು ಹೈಸೈಡ್. ತಿರುವಿನಿಂದ ಹೊರಬರುವಾಗ ಆತುರಕ್ಕೆ ಥ್ರಾಟಲ್ ಕೊಟ್ಟು ಹಿಂಚಕ್ರ ಜಾರುತ್ತದೆ. ಗಾಬರಿಯಲ್ಲಿ ಥ್ರಾಟಲ್ ಪಟ್ಟನೆ ಮುಚ್ಚಿದರೆ ಜಾರುತ್ತಿದ್ದ ಚಕ್ರಕ್ಕೆ ಒಮ್ಮೆಗೇ ಹಿಡಿತ ಸಿಗುತ್ತದೆ, ಸ್ಪ್ರಿಂಗ್ ಸಿಡಿದಂತೆ ಗಾಡಿ ಸವಾರನನ್ನು ಮೇಲಕ್ಕೆ ಎಸೆಯುತ್ತದೆ. ಮುಚ್ಚಬೇಡಿ, ಅಲ್ಲೇ ಹಿಡಿದಿಡಿ ಅಥವಾ ಕೂದಲೆಳೆಯಷ್ಟು ತಗ್ಗಿಸಿ. ಕಣ್ಣು ಮಾತ್ರ ಹೋಗಬೇಕಾದ ಕಡೆಗೇ ಇರಲಿ. ಗೋಡೆ ನೋಡಿದವನು ಗೋಡೆಗೇ ಹೋಗುತ್ತಾನೆ.

“ಗಾಡಿಗೆ ಏನೇನು ಹಾಕಿಸಿದ್ದೀರಿ?” ಎಂದು ಕೇಳುವವರು ಸೈಲೆನ್ಸರ್ ನೋಡುತ್ತಾರೆ. ನಾನಾದರೆ ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು ಎಂದು ಕೇಳುತ್ತೇನೆ. ಡಾಟ್ 4 ಎಂಬ ದರ್ಜೆಯ ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಹೊಸದರಲ್ಲಿ ಅದರ ಕುದಿಬಿಂದು ಕನಿಷ್ಠ 230 ಡಿಗ್ರಿ, ನೀರು ಕುಡಿದ ಮೇಲೆ 155ರವರೆಗೂ ಇಳಿಯಬಹುದು. ಟ್ರ್ಯಾಕ್‌ನಲ್ಲಿ ಸುತ್ತಿನ ಮೇಲೆ ಸುತ್ತು ಗಟ್ಟಿ ಬ್ರೇಕ್ ಹಿಡಿದರೆ ಡಿಸ್ಕನ್ನು ಅವುಚಿ ಹಿಡಿಯುವ ಕ್ಯಾಲಿಪರ್ ಕಾದು ದ್ರವ ಕುದಿಯುತ್ತದೆ, ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಲಿವರ್ ಹ್ಯಾಂಡಲ್‌ಗೆ ಬಂದು ತಾಗುತ್ತದೆ, ಬ್ರೇಕ್ ಇರುವುದಿಲ್ಲ. ರಸ್ತೆಗಾದರೆ ಎರಡು ವರ್ಷಕ್ಕೊಮ್ಮೆ ಬದಲಿಸಿ, ಟ್ರ್ಯಾಕ್‌ಗೆ ಹೋಗುವವರು ಅದಕ್ಕೂ ಬೇಗ. ಸಿಲಿಕೋನ್‌ನ ಡಾಟ್ 5 ಬೇರೆಯೇ ಜಾತಿ, ಇದರೊಂದಿಗೆ ಬೆರೆಸಲೇಬೇಡಿ.

ಸಸ್ಪೆನ್ಷನ್‌ಗೂ ಬಿಡಿಭಾಗ ಕೊಳ್ಳುವ ಮೊದಲು ಅಳತೆ ತೆಗೆಯಿರಿ. ಚಕ್ರ ಎತ್ತಿ ಫೋರ್ಕ್ ಪೂರ್ತಿ ಚಾಚಿದಾಗ ಒಂದು ಅಳತೆ, ರೈಡಿಂಗ್ ಸೂಟ್ ತೊಟ್ಟು ಕೂತಾಗ ಇನ್ನೊಂದು. ವ್ಯತ್ಯಾಸವೇ ಸ್ಯಾಗ್. 120 ಮಿ.ಮೀ. ಓಡಾಟವಿರುವ ಫೋರ್ಕ್‌ಗೆ 30ರಿಂದ 35 ಒಳ್ಳೆಯ ಆರಂಭ. ಕಡಿಮೆ ಬಂದರೆ ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಅದುಮಿಟ್ಟಿರುವ ಪ್ರಮಾಣ) ಇಳಿಸಿ, ಹೆಚ್ಚು ಬಂದರೆ ಏರಿಸಿ. ಟೈರ್‌ನ ಗಾಳಿಯನ್ನು ತಣ್ಣಗಿದ್ದಾಗಲೇ ಅಳೆಯಿರಿ. ಅನೇಕ ಸ್ಪೋರ್ಟ್ ಬೈಕ್‌ಗಳ ಕೈಪಿಡಿ ಹೇಳುವ, ಮುಂದಿನ ಟೈರ್‌ಗೆ 36, ಹಿಂದಿನದಕ್ಕೆ 42 ಪಿಎಸ್‌ಐ ಒತ್ತಡ ರಸ್ತೆಗಾಗಿ. ಟ್ರ್ಯಾಕ್‌ನಲ್ಲಿ ಟೈರು ಕಾದು ಒತ್ತಡ ಏರುವುದರಿಂದ ಕಡಿಮೆ ಇಟ್ಟು ಹೊರಡುತ್ತಾರೆ. ಎಷ್ಟು ಎಂಬುದನ್ನು ಆ ಟೈರ್ ತಯಾರಕರ ಪಟ್ಟಿ ನೋಡಿ ಇಡಿ, ಪಕ್ಕದವನ ಮಾತು ಕೇಳಿ ಅಲ್ಲ.

ಟ್ರ್ಯಾಕ್‌ಗೆ ಇಳಿಯುವ ಮುನ್ನ ಕನ್ನಡಿ ಬಿಚ್ಚಿ, ಹೆಡ್‌ಲೈಟ್‌ಗೆ, ಇಂಡಿಕೇಟರ್‌ಗೆ ಟೇಪ್ ಸುತ್ತುತ್ತಾರೆ, ಬಿದ್ದರೆ ಗಾಜಿನ ಚೂರು ಚೆಲ್ಲದಿರಲಿ ಎಂದು. ಅದೇ ಟೇಪ್‌ನಲ್ಲಿ ಒಂದು ತುಂಡು ಹರಿದು ಸ್ಪೀಡೋಮೀಟರ್ ಮೇಲೂ ಅಂಟಿಸಿ. ಮೋಟೋಜಿಪಿ ಗಾಡಿಯ ಡ್ಯಾಶ್‌ಬೋರ್ಡ್‌ನಲ್ಲೂ ಗೇರ್, ಸುತ್ತಿನ ಸಮಯ, ಗೇರ್ ಬದಲಿಸಲು ಹೇಳುವ ದೀಪಗಳು ಇರುತ್ತವೆ. ವೇಗದ ಅಂಕಿಯನ್ನು ಸವಾರನಿಗೆ ತೋರಿಸುವುದಿಲ್ಲ.