ಕಾಕಾನ ದೋಣಿಗೆ ಸೆಲ್ಫ್ ಕೂರಿಸಿದೆ

9 ನವೆಂಬರ್ 2025, ಭಾನುವಾರ
ಗದಗ

ಈಗಷ್ಟೇ ಹಮ್ಮಿಗಿಯಿಂದ ಬಂದೆ. ಉಗುರಿನ ಸಂದಿಯ ಗ್ರೀಸು ಎರಡು ಸಲ ತೊಳೆದರೂ ಹೋಗಿಲ್ಲ. ಮರೆಯುವ ಮೊದಲು ಬರೆದಿಡುತ್ತೇನೆ.

ಕಾಕಾ ಅಲ್ಲಿ ಬ್ಯಾರೇಜಿನ ಹಿನ್ನೀರಿನಲ್ಲಿ ಮೀನು ಹಿಡಿಯುತ್ತಾನೆ. ಮೊದಲು ತೆಪ್ಪವಿತ್ತು. ತುಂಗಭದ್ರೆ ಕೆರೆಯಂತೆ ಹರಡಿಕೊಂಡ ಮೇಲೆ ಹುಟ್ಟು ಹಾಕಿ ಸಾಕಾಗಿ ಫೈಬರ್ ದೋಣಿ ತಂದು, 15 ಎಚ್‌ಪಿಯ ಟೂ-ಸ್ಟ್ರೋಕ್ ಮೋಟರ್ ಕಟ್ಟಿಸಿಕೊಂಡ. ಹಗ್ಗ ಜಗ್ಗಿ ಚಾಲೂ ಮಾಡುವಂಥದ್ದು. ಹೋದ ವರ್ಷದಿಂದ ಅವನ ಬಲ ಭುಜ ಹಿಡಿದುಕೊಂಡಿದೆ. ದೀಪಾವಳಿಗೆ ಹೋದಾಗ ನಸುಕಿನಲ್ಲಿ ಎಡಗೈಯಿಂದ ಜಗ್ಗುವುದನ್ನು ಕಂಡೆ. ಏಳು ಸಲ ಜಗ್ಗಿದ. ದೋಣಿ ಓಲಾಡುತ್ತಿತ್ತು, ಕಾಕು ದಂಡೆಯ ಮೇಲೆ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಟ್ರ್ಯಾಕ್ಟರು, ಟಂಟಂಗಳ ಸೆಲ್ಫ್ (ಬಟನ್ ಒತ್ತಿದರೆ ಎಂಜಿನ್ ತಿರುಗಿಸುವ ಸಣ್ಣ ಮೋಟರು) ಬಿಚ್ಚುವುದೇ ನನ್ನ ಕಸುಬು. ಮನೆಯವನ ದೋಣಿಗೆ ಇಷ್ಟು ದಿನ ಯಾಕೆ ಮಾಡಲಿಲ್ಲ ಎಂದು ಹೊಟ್ಟೆ ಸಂಕಟವಾಯಿತು.

ಹಗ್ಗದ ಮೋಟರಿನ ಫ್ಲೈವೀಲ್‌ಗೆ, ಅಂದರೆ ಎಂಜಿನ್ ಜೊತೆ ತಿರುಗುವ ಭಾರದ ಚಕ್ರಕ್ಕೆ, ಹಲ್ಲು ಇರುವುದಿಲ್ಲ. ಸೆಲ್ಫ್‌ನ ಬೆಂಡಿಕ್ಸ್ (ಜಿಗಿದು ಕಚ್ಚುವ ಸಣ್ಣ ಹಲ್ಲುಗಾಲಿ) ಕಚ್ಚಬೇಕಾದರೆ ಫ್ಲೈವೀಲನ್ನೇ ಬದಲಿಸಬೇಕು. ಅದೇ ಮಾಡೆಲ್ಲಿನ ಹಲ್ಲಿನ ಫ್ಲೈವೀಲು, ಸೆಲ್ಫ್ ಮೋಟರು, ಬ್ರಾಕೆಟ್ಟು ಮಲ್ಪೆಯಿಂದ ತರಿಸಿದ್ದೆ. ಹಳೆಯದನ್ನು ಪುಲ್ಲರ್ (ಬೋಲ್ಟ್ ಬಿಗಿದು ಎಳೆದು ಬಿಡಿಸುವ ಸಾಧನ) ಹಾಕಿಯೇ ತೆಗೆಯಬೇಕು. ಸುತ್ತಿಗೆಯಿಂದ ಬಡಿದರೆ ಒಳಗಿನ ಅಯಸ್ಕಾಂತ ಸಡಿಲಾಗುತ್ತದೆ, ಕರೆಂಟೇ ಬರುವುದಿಲ್ಲ. ಪುಲ್ಲರ್ ಬಿಗಿ ಮಾಡುತ್ತಾ ಹೋದೆ, ಹೋದೆ, ಕೊನೆಗೆ ‘ಠಣ್’ ಎಂದು ಬಿಟ್ಟುಕೊಂಡಿತು. ಫ್ಲೈವೀಲು ಜಾರದಂತೆ ಹಿಡಿಯುವ ಶಾಫ್ಟಿನ ಚಾವಿ (ಸಣ್ಣ ಲೋಹದ ತುಂಡು) ಸ್ವಲ್ಪವೂ ಸವೆದಿರಲಿಲ್ಲ. ಶಾಫ್ಟಿನ ಮೊನೆಯನ್ನು ಒಣಬಟ್ಟೆಯಿಂದ ಒರೆಸಿ, ಎಣ್ಣೆ ತಾಗಿಸದೆ ಹೊಸದನ್ನು ಕೂರಿಸಿದೆ. ಹಗ್ಗದ ಡಬ್ಬಿಯನ್ನೂ ಮೇಲೆ ಮತ್ತೆ ಹಾಕಿದೆ. ನಡುನೀರಿನಲ್ಲಿ ಬ್ಯಾಟರಿ ಸತ್ತರೆ ಅದೇ ಗತಿ.

ಬ್ಯಾರಲ್ ತುಂಬ ನೀರು ಹಾಕಿ ಮೋಟರನ್ನು ಇಳಿಬಿಟ್ಟೆವು. ನೀರಿಲ್ಲದೆ ಓಡಿಸಿದರೆ ಎಂಜಿನ್ ತಂಪಾಗಿಡುವ ಪಂಪಿನ ರಬ್ಬರ್ ಚಕ್ರ (ಇಂಪೆಲ್ಲರ್) ಸುಟ್ಟು ಹೋಗುತ್ತದೆ. ಬಟನ್ ಒತ್ತಿದರೆ ಅರ್ಧ ಸುತ್ತು ತಿರುಗಿ ನಿಂತಿತು. ತಪ್ಪು ನನ್ನದೇ. ದೋಣಿಯ ತೂಕ ಸರಿಯಾಗಲೆಂದು ಬ್ಯಾಟರಿಯನ್ನು ಮುಂದಿನ ಹಲಗೆಯ ಕೆಳಗಿಟ್ಟು, ಕೈಗೆ ಸಿಕ್ಕ ಸಣ್ಣ ವೈರನ್ನೇ ಮೂರು ಮೀಟರ್ ಎಳೆದಿದ್ದೆ. ವೋಲ್ಟ್ ಮೀಟರ್ ಹಿಡಿದೆ: ಬಟನ್ ಒತ್ತಿದಾಗ ಬ್ಯಾಟರಿಯ ಮೇಲೆ 11.4 ವೋಲ್ಟ್, ಸೆಲ್ಫ್ ಹತ್ತಿರ 8.2. ಉಳಿದದ್ದೆಲ್ಲ ದಾರಿಯಲ್ಲೇ ಬಿಸಿಯಾಗಿ ಹೋಗುತ್ತಿತ್ತು. ಮುಂಡರಗಿಗೆ ಹೋಗಿ 25 ಸ್ಕ್ವೇರ್ ಎಂಎಂ ಕೇಬಲ್ ತಂದು, ತುದಿಗೆ ಲೋಹದ ಲಗ್ ಒತ್ತಿಸಿ, ಅರ್ಥ್ ಕೂರುವ ಜಾಗದ ಬಣ್ಣ ಕೆರೆದು ಕೂರಿಸಿದೆ. ಆಗ ಒಂದೇ ಏಟಿಗೆ ಹತ್ತಿತು.

ಇಳಿಹೊತ್ತಿಗೆ ಇಬ್ಬರಿಗೂ ಮಾತು ಬೆಳೆಯಿತು. ಬಟನ್‌ನಿಂದ ರಿಲೇಗೆ (ಸೆಲ್ಫ್‌ಗೆ ಕರೆಂಟು ಹಾಯಿಸುವ ದೊಡ್ಡ ಸ್ವಿಚ್ಚಿಗೆ) ಹೋಗುವ ತಂತಿಯ ನಡುವೆ ನ್ಯೂಟ್ರಲ್ ಸ್ವಿಚ್ (ಗೇರ್ ಬಿಟ್ಟಿದ್ದರೆ ಮಾತ್ರ ಕರೆಂಟು ಬಿಡುವುದು) ಹಾಕುತ್ತಿದ್ದೆ. ಅದು ಎರಡು ಸಲ ಸರಿಯಾಗಿ ಕೂರಲಿಲ್ಲ.

“ಅದೊಂದು ಬಿಟ್ಟಬಿಡೋ ತಮ್ಮಾ, ಹೊತ್ತ ಮುಣಗಾಕ ಬಂತು. ಗೇರ್‌ದಾಗ ಐತೋ ಇಲ್ಲೋ ನನಗ ಗೊತ್ತಾಗೂದಿಲ್ಲೇನು?”

“ಇಲ್ಲ ಕಾಕಾ, ಇದಿಲ್ದ ನಾ ಬ್ಯಾಟರಿ ಜೋಡಿಸೂದಿಲ್ಲ.”

ಈ ಮೋಟರು ಗೇರ್‌ನಲ್ಲಿದ್ದರೆ ಹಗ್ಗವೇ ಬಾರದಂತೆ ಒಳಗೆ ತಡೆ ಇದೆ. ಸೆಲ್ಫ್‌ಗೆ ಆ ತಡೆಯನ್ನು ನಾವೇ ತಂತಿಯಲ್ಲಿ ಕೊಡಬೇಕು. ನಿಂತುಕೊಂಡು ಬಲೆ ಬಿಡಿಸುತ್ತಿರುವವನ ಮೊಣಕಾಲು ಬಟನ್‌ಗೆ ತಾಗಿ, ದೋಣಿ ಜಿಗಿದರೆ ಮನುಷ್ಯ ಹಿಂದಕ್ಕೆ ಬೀಳುತ್ತಾನೆ. ಹಿಂದೆ ತಿರುಗುವ ಪಂಖ ಇರುತ್ತದೆ. ಇಷ್ಟನ್ನು ಕೈಯಾಡಿಸಿ ತೋರಿಸಿದೆ. ಕಾಕಾ ಮಾತಾಡಲಿಲ್ಲ, ಟಾರ್ಚ್ ಹಿಡಿದು ಪಕ್ಕದಲ್ಲೇ ಕೂತ. ಪಟ್ಟಿಗೆ ತೆಳು ವಾಷರ್ ಕೊಟ್ಟ ಮೇಲೆ ಸ್ವಿಚ್ ಕೂತಿತು. ಗೇರ್ ಹಾಕಿ ಹತ್ತು ಸಲ ಒತ್ತಿ ನೋಡಿದೆ, ಒಂದು ಸಲವೂ ಮಿಸುಕಲಿಲ್ಲ.

ನೀರಿಗಿಳಿಸಿದಾಗ ಕಪ್ಪತಗುಡ್ಡದ ಕಡೆ ಕೆಂಪೇರಿತ್ತು. ಮೊದಲು ಒತ್ತಿದವಳು ಕಾಕು. ಈ ಎಂಜಿನ್ನನ್ನು ಅವಳು ಇವತ್ತಿನ ತನಕ ಚಾಲೂ ಮಾಡಿಯೇ ಇರಲಿಲ್ಲ. ಹಿಂದಿನಿಂದ ನೀರಿನ ಎಳೆ ಚಿಮ್ಮುವುದನ್ನು ನೋಡಿ, “ನಾಳಿಂದ ಬಲಿ ಎತ್ತಾಕ ನಾನೂ ಬರ್ತೀನಿ” ಅಂದಳು.

ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಚಾರ್ಜಿಂಗ್ ಕಾಯಿಲ್, ರೆಕ್ಟಿಫೈಯರ್ ಇನ್ನೂ ಜೋಡಿಸಿಲ್ಲ. ಗುರುವಾರ ಹೋಗುತ್ತೇನೆ. ಅಲ್ಲಿಯವರೆಗೆ ಬ್ಯಾಟರಿಯನ್ನು ದಿನಾ ರಾತ್ರಿ ಮನೆಗೆ ತಂದು ಚಾರ್ಜಿಗೆ ಹಾಕಲು ಕಾಕುಗೆ ಹೇಳಿದ್ದೇನೆ.