ಸುಣ್ಣದ ಡಬ್ಬಿ

ಅಮ್ಮನ ರಕ್ತದಲ್ಲಿ ಕ್ಯಾಲ್ಸಿಯಂ 11.8 ಇದೆ ಅಂತ ರಿಪೋರ್ಟ್ ಬಂದ ದಿನ ಮನೆಯವರೆಲ್ಲರ ಕಣ್ಣು ಬಿದ್ದಿದ್ದು ಅವಳ ಎಲೆ ಅಡಿಕೆ ತಟ್ಟೆಯ ಮೇಲೆ. ದಿನಕ್ಕೆ ಏಳೆಂಟು ಕವಳ ಹಾಕುವ ಹೆಂಗಸು. 10.5 ದಾಟಬಾರದು ಅಂತ ರಿಪೋರ್ಟಲ್ಲೇ ಇತ್ತು. ಅಪ್ಪ ಒಂದು ಮಾತೂ ಆಡದೆ ಸುಣ್ಣದ ಡಬ್ಬಿ ಎತ್ತಿ ಅಟ್ಟದ ಮೇಲಿಟ್ಟರು.

ಅದಕ್ಕೂ ಮುಂಚಿನ ಎರಡು ವರ್ಷ ನೆನೆಸಿಕೊಂಡರೆ ಈಗ ಸಿಟ್ಟು ಬರುತ್ತದೆ. ಎರಡು ಸಲ ಕಿಡ್ನಿ ಕಲ್ಲು. ತೋಟದ ಬಾಳೆದಿಂಡೆಲ್ಲ ರಸವಾಗಿ ಅಮ್ಮನ ಹೊಟ್ಟೆ ಸೇರಿತು. ಆಮೇಲೆ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಮುಂಗೈ ಮೂಳೆ ಮುರಿಯಿತು. ಮೂಳೆ ಸವೆದಿದೆ ಅಂತ ಒಬ್ಬ ಡಾಕ್ಟರು ರಕ್ತ ನೋಡದೆಯೇ ಒಂದೂವರೆ ವರ್ಷ ಕ್ಯಾಲ್ಸಿಯಂ ಮಾತ್ರೆ ನುಂಗಿಸಿದರು. ಉರಿಯುವ ಒಲೆಗೆ ಸೌದೆ ಒಟ್ಟಿದ ಹಾಗೆ. ಅವರನ್ನೊಬ್ಬರನ್ನೇ ಯಾಕೆ ಬೈಯಬೇಕು, ಅಮ್ಮ ಸಂಜೆ ದೀಪ ಹಚ್ಚದೆ ಮಂಕಾಗಿ ಕೂತಾಗ 'ವಯಸ್ಸಾಯ್ತು' ಅಂದವರು ನಾವೇ.

ಶಿವಮೊಗ್ಗದ ಡಾಕ್ಟರು ಮಾತ್ರ ಸುಣ್ಣದ ಲೆಕ್ಕವನ್ನೂ ಕೇಳಿದರು. ಕೇಳಿ, ಪಿಟಿಎಚ್ ಅನ್ನುವ ಹಾರ್ಮೋನ್ ಪರೀಕ್ಷೆಗೆ ಬರೆದರು. 286 ಬಂತು, ಇರಬೇಕಾದ್ದು ಹೆಚ್ಚೆಂದರೆ 65ರ ಸುಮಾರು. "ಸುಣ್ಣದಿಂದ ಕ್ಯಾಲ್ಸಿಯಂ ಏರಿದ್ದರೆ ಈ ಹಾರ್ಮೋನ್ ತೆಪ್ಪಗೆ ಕೆಳಗಿಳಿದಿರಬೇಕಿತ್ತು. ಇಲ್ಲಿ ಎರಡೂ ಮೇಲಿದೆ. ಕಳ್ಳ ಕುತ್ತಿಗೆಯಲ್ಲಿದ್ದಾನೆ" ಅಂದರು. ಥೈರಾಯ್ಡ್ ಹಿಂಬದಿಯಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿ ಇರುತ್ತವಂತೆ. ಅದರಲ್ಲೊಂದು ಊದಿಕೊಂಡು, ಹೇಳೋರು ಕೇಳೋರು ಇಲ್ಲದೆ ಹಾರ್ಮೋನ್ ಸುರಿದು, ಮೂಳೆಯಿಂದ ಕ್ಯಾಲ್ಸಿಯಂ ಕಿತ್ತು ರಕ್ತಕ್ಕೆ ಹಾಕುತ್ತಿತ್ತು. ಕಿಡ್ನಿ ಕಲ್ಲು, ಸವೆದ ಮೂಳೆ, ಆ ಮಂಕು, ಎಲ್ಲದರ ಬೇರು ಅದೇ.

ಯಾವುದು ಅಂತ ಪತ್ತೆ ಮಾಡಲು ಅಲ್ಟ್ರಾಸೌಂಡ್ ಆಯಿತು, ಟೆಕ್ನೀಷಿಯಂ ಅನ್ನುವ ವಿಕಿರಣ ಸೂಸುವ ಚುಚ್ಚುಮದ್ದು ಕೊಟ್ಟು ತೆಗೆಯುವ ಸ್ಕ್ಯಾನ್ ಆಯಿತು. ಮೊದಲ ಚಿತ್ರದಲ್ಲಿ ಥೈರಾಯ್ಡೂ ಹೊಳೆಯುತ್ತಿತ್ತು. ಎರಡು ಗಂಟೆ ಬಿಟ್ಟು ತೆಗೆದದ್ದರಲ್ಲಿ ಅದು ಮಾಸಿ, ಎಡಗಡೆ ಕೆಳಗೆ ಒಂದು ಚುಕ್ಕೆ ಮಾತ್ರ ಮಿಣುಕುತ್ತಾ ಉಳಿದಿತ್ತು. ಜಾಗ ಗೊತ್ತಾದ್ದರಿಂದ ಕುತ್ತಿಗೆ ಅಗಲಕ್ಕೆ ಕೊಯ್ದು ನಾಲ್ಕನ್ನೂ ಹುಡುಕುವುದು ಬೇಡ, ಮೂರು ಸೆಂಟಿಮೀಟರ್ ಗಾಯ ಸಾಕು ಅಂದರು.

ಆಪರೇಷನ್ನಿಗೆ ಘಟ್ಟ ಇಳಿಯಬೇಕಿತ್ತು. ಬೆಳಗಿನ ಜಾವ ಆಗುಂಬೆಯ ಮಂಜಿನಲ್ಲಿ ರಸ್ತೆಯೇ ಕಾಣದು. ಹಿಂದಿನ ಸೀಟಲ್ಲಿ ಅಮ್ಮ ಪ್ರತಿ ತಿರುವನ್ನೂ ಎಣಿಸುತ್ತಿದ್ದಳು. ಹದಿನಾಲ್ಕು ಮುಗಿದ ಮೇಲೆ "ನನ್ ಸ್ವರ ಹೋಗ್ತದಂತೆ, ಹೌದನಾ?" ಅಂತ ಕೇಳಿದಳು. ಧ್ವನಿಯ ನರ ಪಕ್ಕದಲ್ಲೇ ಹಾದುಹೋಗುತ್ತದೆ ಅಂತ ಸರ್ಜನ್ ಹೇಳಿದ್ದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ನಾನು ಗೇರ್ ಬದಲಿಸಿದೆ.

ಒಂದು ಗಂಟೆಯೊಳಗೆ ಗಡ್ಡೆ ತೆಗೆದಾಗಿತ್ತು. ಆದರೂ ಅಮ್ಮನನ್ನು ಹೊರಗೆ ಬಿಡಲಿಲ್ಲ. ಈ ಹಾರ್ಮೋನ್ ರಕ್ತದಲ್ಲಿ ಕೆಲವೇ ನಿಮಿಷಕ್ಕೆ ಅರ್ಧ ಕರಗುವಂಥದ್ದು. ಹಾಗಾಗಿ ತೆಗೆದ ಹತ್ತು ನಿಮಿಷಕ್ಕೆ ರಕ್ತ ಎಳೆದು ಲ್ಯಾಬಿಗೆ ಕಳಿಸುತ್ತಾರೆ. ಅರ್ಧಕ್ಕಿಂತ ಕೆಳಗಿಳಿದರೆ ಸಿಕ್ಕಿದ್ದು ಸರಿಯಾದ ಕಳ್ಳ, ಇಲ್ಲದಿದ್ದರೆ ಇನ್ನೊಬ್ಬನನ್ನು ಹುಡುಕಬೇಕು. ಆ ಅರ್ಧ ಗಂಟೆಯಲ್ಲಿ ಅಪ್ಪ ಪಂಚೆಯ ಅಂಚನ್ನು ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಕೂತಿದ್ದರು. ಕೊನೆಗೆ ಹೊರಗೆ ಬಂದ ಸರ್ಜನ್ "38" ಅಂದು, ಸಣ್ಣ ಬಾಟಲಿ ತೋರಿಸಿದರು. ಒಳಗೆ ಕೆಂಪುಕಂದು ಬಣ್ಣದ್ದೊಂದು ತುಣುಕು, ಒಂದೂವರೆ ಸೆಂಟಿಮೀಟರೂ ಇಲ್ಲ. ಅಪ್ಪ ಬೆಳಕಿಗೆ ಹಿಡಿದು, ಅಡಿಕೆ ಮಂಡಿಯಲ್ಲಿ ಮಾಲು ನೋಡುವವರ ಹಾಗೆ ತಿರುಗಿಸಿ ನೋಡಿದರು.

"ಗೊರಬಲು ಇದ್ದಂಗಿದೆ" ಅಂದರು.

ಅಮ್ಮನ ಸ್ವರ ಸ್ವಲ್ಪ ಒಡೆದಿತ್ತು, ಹೋಗಿರಲಿಲ್ಲ. ಮಾರನೇ ದಿನ ಬೆಳಗ್ಗೆ ತುಟಿಯ ಸುತ್ತ ಇರುವೆ ಹರಿದ ಹಾಗಾಗ್ತಿದೆ, ಬೆರಳ ತುದಿ ಜುಮ್ ಅಂತಿದೆ ಅಂದಳು. ನಾನು ಗಾಬರಿಯಾಗಿ ನರ್ಸನ್ನು ಕರೆದೆ. ಅವರು ನಕ್ಕರು: ಇಷ್ಟು ದಿನ ಸುಮ್ಮನಿದ್ದ ಉಳಿದ ಮೂರು ಗ್ರಂಥಿ ಎಚ್ಚರಾಗುವ ತನಕ ರಕ್ತದಲ್ಲಿ ಕ್ಯಾಲ್ಸಿಯಂ ಕಮ್ಮಿಯಾಗುತ್ತದಂತೆ. ಡಾಕ್ಟರನ್ನು ಕೇಳಿ ಬಂದು ಮಾತ್ರೆ ಕೊಟ್ಟರು.

"ಎಂತದು ಇದು?"

"ಕ್ಯಾಲ್ಸಿಯಂ ಅಮ್ಮಾ."

ಕವಳ ಬಿಡಿ ಅಂತ ಡಾಕ್ಟರು ಬಾಯಿಯ ಆರೋಗ್ಯಕ್ಕಾಗಿ ಹೇಳಿದ್ದರು, ಆ ಜಗಳ ಬೇರೆ, ಇನ್ನೂ ಮುಗಿದಿಲ್ಲ. ಆದರೆ ಆ ಹೊತ್ತಿಗೆ ಅಮ್ಮ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು, ಬ್ಯಾಂಡೇಜಿನ ಕುತ್ತಿಗೆಯನ್ನು ನಿಧಾನಕ್ಕೆ ಅಪ್ಪನ ಕಡೆ ತಿರುಗಿಸಿದಳು.

"ನನ್ ಸುಣ್ಣದ ಡಬ್ಬಿ ಎಲ್ಲಿ ಇಟ್ಟಿದೀರಿ?"